ಹುಳ ಶಾಣ್ಯಾ ಆಗಿಲ್ಲ

ದೀಪಾವಳಿ ಮುಗಿದು ಎರಡು ವಾರವಾಗಿತ್ತು. ವಿಜಯಪುರದಿಂದ ಸಿಂದಗಿಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಹೋಗಿದ್ದಾಗ ಕಾಕಾ ಗಿಡದಿಂದ ಒಂದು ಹತ್ತಿಕಾಯಿಯನ್ನು ಕಿತ್ತು, ಅದರ ಮೈಮೇಲಿನ ಹೊಲಿಗೆಯಂಥ ಗೆರೆಗೆ ಹೆಬ್ಬೆರಳ ಉಗುರನ್ನು ಒತ್ತಿ, ಎರಡು ಹೋಳು ಮಾಡಿ ನನ್ನ ಅಂಗೈಯಲ್ಲಿಟ್ಟರು. ಹೊರಗಿನಿಂದ ಆ ಕಾಯಿಗೆ ಯಾವ ಊನವೂ ಇರಲಿಲ್ಲ; ಹಸಿರಾಗಿ, ಗಟ್ಟಿಯಾಗಿ, ಇನ್ನು ಹದಿನೈದು ದಿನಕ್ಕೆ ಒಡೆದು ಅರಳುವಂತಿತ್ತು. ಒಳಗೆ ಮಾತ್ರ ಒಂದು ತೊಳೆಯ ಅರಳೆ ಕೊಳೆತು ಕಂದಾಗಿತ್ತು, ಕಾಳು ಟೊಳ್ಳಾಗಿತ್ತು, ಆ ಟೊಳ್ಳಿನಲ್ಲಿ ಅರ್ಧ ಇಂಚಿಗಿಂತ ತುಸು ಗಿಡ್ಡಾದ, ಬೆನ್ನ ಮೇಲೆ ಗುಲಾಬಿ ಅಡ್ಡಪಟ್ಟೆಗಳಿದ್ದ ಒಂದು ಕೀಡೆ (ಗುಲಾಬಿ ಕಾಯಿಕೊರಕದ ಮರಿ) ಬೆಳಕು ಬಿದ್ದೊಡನೆ ಮೈ ಮುದುಡಿಕೊಂಡಿತು. ಮೊಟ್ಟೆಯೊಡೆದ ಮರಿ ಕೂದಲೆಳೆಯಷ್ಟಿರುವಾಗಲೇ ಎಳೆಗಾಯಿಯನ್ನು ಕೊರೆದು ಒಳಸೇರುತ್ತದೆ. ಕಾಯಿ ಬಲಿತಂತೆ ಅದು ಹೊಕ್ಕ ತೂತು ಮುಚ್ಚಿಹೋಗುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಎಣ್ಣಿ ಹೊಡೆದರೂ (ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೆಸರು) ಒಳಗಿರುವ ಹುಳಕ್ಕೆ ಅದು ತಾಕುವುದೇ ಇಲ್ಲ.

"ಬಿಟಿನೂ ರೂಢಿ ಆಗ್ಯದ, ಎಣ್ಣಿನೂ ರೂಢಿ ಆಗ್ಯದ. ಹುಳಾ ಶಾಣ್ಯಾ ಆಗ್ಯಾವ ತಮ್ಮಾ" ಎಂದರು ಕಾಕಾ. ಅವರು ಹೇಳಿದ್ದು ಬಿಟಿ ಹತ್ತಿಯ ಮಾತು, ಹುಳ ಕೊಲ್ಲುವ ಪ್ರೋಟೀನನ್ನು ತನ್ನ ಮೈಯಲ್ಲೇ ತಯಾರಿಸುವ ಹತ್ತಿ.

ನಾನು ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು. ಕಾಕಾನ ಆ ಮಾತಿಗೆ ತಲೆಯಾಡಿಸಿ ಸುಮ್ಮನಾದೆನಾದರೂ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ ಉಳಿಯಿತು. ಏಕೆಂದರೆ ಸರಿಯಾಗಿ ಅದೇ ವಾಕ್ಯವನ್ನು, ತುಸು ಗ್ರಾಂಥಿಕ ರೂಪದಲ್ಲಿ, ನಾನು ಎಷ್ಟೋ ಉತ್ತರಪತ್ರಿಕೆಗಳಲ್ಲಿ ಓದಿ ಪೂರ್ಣ ಅಂಕ ಕೊಟ್ಟಿದ್ದೇನೆ: "ಕೀಟಗಳು ಕೀಟನಾಶಕಕ್ಕೆ ಹೊಂದಿಕೊಂಡು ನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳುತ್ತವೆ." ವ್ಯಾಕರಣದಲ್ಲಿ ತಪ್ಪಿಲ್ಲ, ಪುಸ್ತಕದ ಭಾಷೆಗೂ ಹತ್ತಿರವಾಗಿಯೇ ಇದೆ. ಆದರೆ ನಿಸರ್ಗದ ಆಯ್ಕೆ ಎಂಬುದು ಏನಲ್ಲವೋ ಅದನ್ನೇ ಈ ವಾಕ್ಯ ಹೇಳುತ್ತದೆ. ಹುಳ ಹೊಂದಿಕೊಂಡಿಲ್ಲ, ಬೆಳೆಸಿಕೊಂಡಿಲ್ಲ, ರೂಢಿ ಮಾಡಿಕೊಂಡಿಲ್ಲ, ಶಾಣ್ಯಾ ಅಂತೂ ಆಗಿಯೇ ಇಲ್ಲ. ಕಾಕಾನ ಕೈಗೆ ಸಿಕ್ಕ ಕೀಡೆ ಮೊಟ್ಟೆಯಿಂದ ಹೊರಬಂದ ಗಳಿಗೆಯಲ್ಲಿ ಹೇಗಿತ್ತೋ ಆ ಗಳಿಗೆಗೂ ಹಾಗೆಯೇ ಇತ್ತು. ಬದಲಾದದ್ದು ಬೇರೆ.

ರೂಢಿ ಎಂಬ ಮಾತು ನಮ್ಮನ್ನು ಏಕೆ ಇಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆಂದರೆ ಅದು ನಮ್ಮ ಮೈಯ ಅನುಭವ. ನಮ್ಮ ಮನೆಯ ರಂಜಕವನ್ನು ರೊಟ್ಟಿಯ ಮೇಲೆ ಬಳಿದುಕೊಂಡು ತಿನ್ನುವ ನಾಲಿಗೆ ಎಳವೆಯಿಂದ ಪಳಗಿದ ನಾಲಿಗೆ. ದಕ್ಷಿಣದಿಂದ ಬಂದ ಗೆಳೆಯನೊಬ್ಬ ಅದನ್ನು ಒಂದು ಬೆರಳು ನೆಕ್ಕಿ ಎರಡು ತಂಬಿಗೆ ನೀರು ಕುಡಿದದ್ದನ್ನು ನಮ್ಮ ಮನೆಯಲ್ಲಿ ಈಗಲೂ ಹೇಳಿ ನಗುತ್ತಾರೆ. ಆದರೆ ಆ ಪಳಗುವಿಕೆ ನನ್ನೊಂದಿಗೇ ಮುಗಿಯುತ್ತದೆ. ನನ್ನ ಮಗ ರಂಜಕಕ್ಕೆ ಪಳಗಿದ ನಾಲಿಗೆಯೊಂದಿಗೆ ಹುಟ್ಟಲಿಲ್ಲ. ಅವನೂ ಮೊದಲ ಸಲ ಅತ್ತು, ಬೆಲ್ಲ ತಿಂದು, ನಿಧಾನವಾಗಿ ಕಲಿಯಬೇಕಾಯಿತು. ಬಾಳಿನಲ್ಲಿ ಗಳಿಸಿದ್ದು ಮಕ್ಕಳ ಮೈಗೆ ಇಳಿಯುತ್ತದೆ ಎಂಬ ವಿಚಾರವನ್ನು ಫ್ರಾನ್ಸಿನ ಲಾಮಾರ್ಕ್ 1809ರಲ್ಲಿ ಪುಸ್ತಕವಾಗಿ ಮಂಡಿಸಿದ್ದ. ಅವನನ್ನು ನಾವು ತರಗತಿಯಲ್ಲಿ ಜಿರಾಫೆಯ ಕತ್ತಿನ ಚಿತ್ರ ಬರೆದು ಹತ್ತು ನಿಮಿಷದಲ್ಲಿ ಅಲ್ಲಗಳೆದುಬಿಡುತ್ತೇವೆ. ಮರುದಿನ ಕೀಟನಾಶಕದ ಮಾತು ಬಂದಾಗ ನಮ್ಮ ಬಾಯಿಂದಲೇ ಲಾಮಾರ್ಕ್ ಮಾತನಾಡುತ್ತಾನೆ.

ಹಾಗಾದರೆ ನಡೆದದ್ದೇನು? ಇದನ್ನು ವಿವರಿಸಲು ನನಗೆ ಈಚೆಗೆ ಕಣಕ್ಕಿಂತ ಒಳ್ಳೆಯ ಪಾಠಶಾಲೆ ಕಾಣುತ್ತಿಲ್ಲ. ಈಗ ಯಂತ್ರ ಬಂದು ಗಂಟೆಯಲ್ಲಿ ರಾಶಿ ಮುಗಿಸಿ ಹೋಗುತ್ತದೆ. ನಾನು ಹುಡುಗನಾಗಿದ್ದಾಗ ಜೋಳದ ರಾಶಿಯೆಂದರೆ ಗಾಳಿಯ ದಾರಿ ಕಾಯುವ ಕೆಲಸವಾಗಿತ್ತು. ಗಾಳಿ ಬಂದಾಗ ಮುತ್ಯಾ ಎತ್ತರದಲ್ಲಿ ನಿಂತು ಮೊರದಿಂದ ಕಾಳು ಸುರಿಯುತ್ತಿದ್ದರು. ಗಟ್ಟಿಕಾಳು ಕಾಲಬುಡದಲ್ಲಿ ಬೀಳುತ್ತಿತ್ತು, ಜಳ್ಳು ಎರಡು ಮಾರು ಆಚೆಗೆ, ಹೊಟ್ಟು ಇನ್ನೂ ಆಚೆಗೆ. ಸಂಜೆಯ ಹೊತ್ತಿಗೆ ಯಾರೋ ಕೂತು ಕೈಯಿಂದ ಆರಿಸಿಟ್ಟಂತೆ ಮೂರು ಗುಡ್ಡೆಗಳಾಗಿರುತ್ತಿದ್ದವು. ಗಾಳಿಗೆ ಕಾಳು ಯಾವುದು, ಜಳ್ಳು ಯಾವುದು ಎಂಬ ಅರಿವಿರಲಿಲ್ಲ. ಅದು ಎಲ್ಲದರ ಮೇಲೂ ಒಂದೇ ಸಮನೆ ಬೀಸಿತ್ತು. ಕಾಳುಗಳಲ್ಲಿ ಯಾವುದೂ ಗಾಳಿಯನ್ನು ಕಂಡು ತನ್ನ ತೂಕ ಹೆಚ್ಚಿಸಿಕೊಂಡಿರಲಿಲ್ಲ. ತೂಕದ ಭೇದ ಮೊರಕ್ಕೆ ಬೀಳುವ ಮೊದಲೇ ಇತ್ತು, ಗಾಳಿ ಆ ಭೇದವನ್ನು ಬೇರೆ ಬೇರೆ ಜಾಗಕ್ಕೆ ಬೀಳಿಸಿತು, ಅಷ್ಟೆ. "ಆಯ್ಕೆ" ಎಂಬ ಕನ್ನಡ ಪದ ಕೇಳಿದೊಡನೆ ನಮಗೆ ಆಯುವ ಕೈಯೊಂದು ಕಾಣುತ್ತದೆ. "ತೂರುವಿಕೆ" ಎಂದು ಅನುವಾದಿಸಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲವೇನೋ.

ಆದರೆ ತೂರುವುದಷ್ಟೇ ಆದರೆ ಅದು ನಿಸರ್ಗದ ಆಯ್ಕೆಯಾಗುವುದಿಲ್ಲ. ಕಾಲಬುಡದ ಕಾಳನ್ನು ಮತ್ತೆ ಬಿತ್ತಬೇಕು, ಆ ಕಾಳಿನ ಗಟ್ಟಿತನ ಅದರ ಸಂತಾನಕ್ಕೂ ಇಳಿಯುವಂಥದ್ದಾಗಿರಬೇಕು, ಮುಂದಿನ ರಾಶಿಯಲ್ಲಿ ಮತ್ತೆ ಅದೇ ಗಾಳಿ ಬೀಸಬೇಕು. ಕಾಳು ಗಟ್ಟಿಯಾದದ್ದು ಕೇವಲ ಆ ಗಿಡದ ಬುಡಕ್ಕೆ ಸಗಣಿಗೊಬ್ಬರ ಹೆಚ್ಚು ಬಿದ್ದದ್ದರಿಂದ ಎಂದಾದರೆ ಅದನ್ನು ನೂರು ಸಲ ತೂರಿ ಬಿತ್ತಿದರೂ ಬೆಳೆಯ ಗುಣ ಕದಲುವುದಿಲ್ಲ. ಚಾರ್ಲ್ಸ್ ಡಾರ್ವಿನ್ನನಿಗೆ ಮತ್ತು ಅವನಿಂದ ಬೇರೆಯಾಗಿಯೇ ಅದೇ ವಿಚಾರಕ್ಕೆ ಬಂದಿದ್ದ ಆಲ್ಫ್ರೆಡ್ ರಸೆಲ್ ವಾಲೇಸನಿಗೆ ಹೊಳೆದದ್ದು ಈ ಜೋಡಣೆ: ಒಂದೇ ಜಾತಿಯೊಳಗೆ ಭೇದಗಳಿವೆ, ಅವುಗಳಲ್ಲಿ ಕೆಲವು ಸಂತಾನಕ್ಕೆ ಇಳಿಯುತ್ತವೆ, ಹುಟ್ಟುವವು ಬದುಕಬಲ್ಲವುಗಳಿಗಿಂತ ಎಷ್ಟೋ ಹೆಚ್ಚು, ಹೀಗಾಗಿ ಉಳಿದು ಮರಿ ಮಾಡುವವುಗಳ ಗುಣ ತಲೆಮಾರಿನಿಂದ ತಲೆಮಾರಿಗೆ ಪಾಲು ಹೆಚ್ಚಿಸಿಕೊಳ್ಳುತ್ತದೆ. ಇಬ್ಬರ ಬರಹಗಳನ್ನೂ 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಡಾರ್ವಿನ್ನನ ಪುಸ್ತಕ ಬಂದದ್ದು 1859ರ ನವೆಂಬರಿನಲ್ಲಿ. ಗುಣಗಳು ಸಂತಾನಕ್ಕೆ ಇಳಿಯುವ ಬಗೆ ಮಾತ್ರ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಟಾಣಿ ಗಿಡಗಳ ಲೆಕ್ಕವನ್ನು ಮೆಂಡೆಲ್ 1866ರಲ್ಲೇ ಅಚ್ಚು ಮಾಡಿಸಿದ್ದರೂ ಅದರ ಬೆಲೆ ಲೋಕಕ್ಕೆ ತಿಳಿದದ್ದು ಡಾರ್ವಿನ್, ಮೆಂಡೆಲ್ ಇಬ್ಬರೂ ತೀರಿಹೋದ ಮೇಲೆ, 1900ರಲ್ಲಿ.

ಈಗ ಕಾಕಾನ ಹತ್ತಿಕಾಯಿಗೆ ಬರೋಣ. ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ರೇಷ್ಮೆಹುಳುಗಳನ್ನು ಕೊಲ್ಲುತ್ತಿದ್ದ ಅದನ್ನು ಜಪಾನಿನ ಇಶಿವಾತಾ 1901ರಲ್ಲಿ ಗುರುತಿಸಿದ. ಆಮೇಲೆ ಜರ್ಮನಿಯ ಥುರಿಂಜಿಯಾ ಪ್ರಾಂತದ ಹಿಟ್ಟಿನ ಪತಂಗದ ಮರಿಗಳಲ್ಲಿ ಕಂಡು ಬರ್ಲಿನರ್ ಎಂಬವನು ಅದಕ್ಕೆ ಈ ಹೆಸರು ಕೊಟ್ಟ. ಅದು ತಯಾರಿಸುವ ಪ್ರೋಟೀನಿನ ವಂಶವಾಹಿಯನ್ನು ಹತ್ತಿಗೆ ಸೇರಿಸಿದಾಗ ಗಿಡವೇ ಆ ಪ್ರೋಟೀನನ್ನು ತನ್ನ ಮೈಯಲ್ಲಿ ತಯಾರಿಸುತ್ತದೆ. ಕರ್ನಾಟಕವೂ ಸೇರಿ ಮಧ್ಯ ಮತ್ತು ದಕ್ಷಿಣ ಭಾರತದ ರಾಜ್ಯಗಳಲ್ಲಿ ಇದನ್ನು ಬೆಳೆಯಲು ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಎರಡು ಬಗೆಯ ಬಿಟಿ ಪ್ರೋಟೀನುಗಳಿರುವ ಹತ್ತಿ ಬಂದದ್ದು 2006ರಲ್ಲಿ. ಕೀಡೆ ಎಲೆಯನ್ನೋ ಕಾಯಿಯನ್ನೋ ತಿಂದಾಗ ಪ್ರೋಟೀನು ಅದರ ಕರುಳಿಗೆ ಹೋಗಿ, ಕರುಳಿನ ಜೀವಕೋಶಗಳ ಹೊರಮೈಯಲ್ಲಿರುವ ಕ್ಯಾಡ್ಹೆರಿನ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು, ಮುಂದೆ ಆ ಕೋಶಗಳಲ್ಲಿ ತೂತು ಮಾಡುತ್ತದೆ. ಕೀಡೆ ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಮೊದಲ ವರ್ಷಗಳಲ್ಲಿ ಕಾಕಾ ಹೊಲದ ಬದುವಿನ ಮೇಲೆ ಕೂತು ಎಣ್ಣಿಯ ಪಂಪಿಗೆ ತುಕ್ಕು ಹಿಡಿಯಿತೆಂದು ನಗುತ್ತಿದ್ದದ್ದು ನನಗೆ ನೆನಪಿದೆ.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಈ ಇಡೀ ಸಂಗತಿಯಲ್ಲಿ ಅತ್ಯಂತ ಪ್ರಿಯವಾದದ್ದು. ದನವನ್ನು ಕಟ್ಟಬೇಕಾದರೆ ಹಗ್ಗವೊಂದೇ ಸಾಲದು, ಗೂಟವೂ ಬೇಕು. ಬಿಟಿ ಪ್ರೋಟೀನು ಹಗ್ಗವಾದರೆ ಕ್ಯಾಡ್ಹೆರಿನ್ ಗೂಟ. ಈ ಕೀಡೆ ಬೆಳೆದು ಪತಂಗವಾಗುತ್ತದೆ. ಅಂಥ ಕೋಟ್ಯಂತರ ಪತಂಗಗಳಲ್ಲಿ, ವಂಶವಾಹಿ ನಕಲಾಗುವಾಗ ಆಗುವ ತಪ್ಪಿನಿಂದ, ಎಲ್ಲೋ ಕೆಲವಕ್ಕೆ ಆ ಗೂಟ ಮುರಿದಿರುತ್ತದೆ. ಬಿಟಿ ಹತ್ತಿ ಇಲ್ಲದ ಕಾಲದಲ್ಲಿ ಅದು ಬರೀ ಒಂದು ಕೊರತೆ. ಮುರುಕು ಗೂಟದ ಪತಂಗಕ್ಕೆ ಅದರಿಂದ ಲಾಭವಿರಲಿಲ್ಲ, ಚಳಿಗಾಲವನ್ನು ಕಳೆಯುವಂಥ ವಿಷಯಗಳಲ್ಲಿ ತುಸು ನಷ್ಟವೇ ಇತ್ತೆಂದು ಅಮೆರಿಕದ ಪ್ರಯೋಗಗಳಲ್ಲಿ ಕಂಡಿದೆ. ಬಿಟಿ ಹತ್ತಿ ಬಂದ ದಿನ ಅದೇ ಕೊರತೆ ಜೀವ ಉಳಿಸುವ ಗುಣವಾಯಿತು, ಹಗ್ಗ ಕಟ್ಟಲು ಜಾಗವೇ ಇಲ್ಲದ್ದರಿಂದ. ನಮ್ಮ ಹಳೆಯ ಪಠ್ಯಗಳಲ್ಲಿ "ಬಲಿಷ್ಠರ ಉಳಿವು" ಎಂಬ ಮಾತು ಇರುತ್ತಿತ್ತು. ಮೂಲ ಪದಗುಚ್ಛ, "ಸರ್ವೈವಲ್ ಆಫ್ ದ ಫಿಟೆಸ್ಟ್", ಡಾರ್ವಿನ್ನನದೂ ಅಲ್ಲ, 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಹುಟ್ಟಿಸಿದ್ದು. ಡಾರ್ವಿನ್ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡದ್ದು 1869ರ ಐದನೆಯ ಆವೃತ್ತಿಯಲ್ಲಿ. ಅದನ್ನು ಕನ್ನಡಕ್ಕೆ ತಂದವರು ಬಲಕ್ಕೆ ಬದಲು "ಒಗ್ಗುವವರ ಉಳಿವು" ಎಂದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ನನ್ನ ಅಂಗೈ ಮೇಲಿನ ಹುಳ ಯಾರಿಗಿಂತಲೂ ಬಲಿಷ್ಠವಲ್ಲ. ಅದರ ಅಣ್ಣತಮ್ಮಂದಿರಲ್ಲಿ ನೆಟ್ಟಗಿದ್ದದ್ದು ಅದರಲ್ಲಿ ಮುರಿದಿತ್ತು, ಅಷ್ಟೆ.

ಇನ್ನು ಲೆಕ್ಕ. ತರಗತಿಯಲ್ಲಿ ಇದನ್ನು ನಾನು ಈಗ ಕಪ್ಪುಹಲಗೆಯ ಮೇಲೆ ಅಂಕಿಗಳಲ್ಲೇ ಬರೆಯುತ್ತೇನೆ. ಪ್ರತಿ ಪತಂಗಕ್ಕೂ ಆ ವಂಶವಾಹಿಯ ಎರಡು ಪ್ರತಿಗಳು, ತಾಯಿಯಿಂದೊಂದು, ತಂದೆಯಿಂದೊಂದು. ಒಂದು ಮುರಿದಿದ್ದು ಇನ್ನೊಂದು ನೆಟ್ಟಗಿದ್ದರೆ ನೆಟ್ಟಗಿರುವ ಗೂಟವೇ ಸಾಕು, ಹುಳ ಸಾಯುತ್ತದೆ; ಬದುಕಬೇಕಾದರೆ ಎರಡೂ ಮುರಿದಿರಬೇಕು. ಮಾತಿಗೆ, ಸಾವಿರ ಪ್ರತಿಗಳಲ್ಲಿ ಒಂದು ಮುರಿದಿದೆ ಎಂದುಕೊಳ್ಳಿ. ಎರಡೂ ಮುರಿದ ಹುಳ ಸಿಗುವುದು ಹತ್ತು ಲಕ್ಷಕ್ಕೆ ಒಂದು. ಇಡೀ ಸೀಮೆಯೆಲ್ಲ ಬಿಟಿ ಹತ್ತಿಯೇ ಆಗಿದ್ದರೆ ಆ ಹತ್ತು ಲಕ್ಷಕ್ಕೊಂದು ಹುಳಕ್ಕೆ ಪತಂಗವಾದ ಮೇಲೆ ಜೊತೆಗಾರನಾಗಿ ಸಿಗುವುದು ತನ್ನಂಥದೇ ಇನ್ನೊಂದು, ಏಕೆಂದರೆ ಬೇರೆ ಯಾವುದೂ ಉಳಿದಿರುವುದಿಲ್ಲ. ಅವುಗಳ ಮರಿಗಳೆಲ್ಲ ಮುರುಕು ಗೂಟದವೇ. ಬೇಸಗೆಯ ಕಾವಿನಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು, ಒಂದು ಹೆಣ್ಣಿಗೆ ನೂರಕ್ಕೂ ಹೆಚ್ಚು ಮೊಟ್ಟೆ. ಗುಲಾಬಿ ಕಾಯಿಕೊರಕಕ್ಕೆ ಹತ್ತಿಯನ್ನು ಬಿಟ್ಟರೆ ಬೇರೆ ಊಟವೂ ಇಲ್ಲವೆನ್ನಬಹುದು. ತೊಗರಿ, ಕಡಲೆ, ಜೋಳ ಎಂದು ಊರೆಲ್ಲ ತಿರುಗುವ ಹಸಿರು ಕಾಯಿಕೊರಕದಂತೆ ಅದು ಬೇರೆ ಬೆಳೆಯಲ್ಲಿ ತಲೆಮರೆಸಿಕೊಂಡು ಬದುಕುವುದಿಲ್ಲ. ಹೀಗಾಗಿ ತೂರುವ ಗಾಳಿ ಅದರ ಇಡೀ ಸಂತತಿಯ ಮೇಲೆ ಒಂದೇ ಸಮನೆ ಬೀಸಿತು.

ಇದು ತಜ್ಞರಿಗೆ ಗೊತ್ತಿರಲಿಲ್ಲವೆಂದಲ್ಲ. ಬಿಟಿ ಬೀಜದ 450 ಗ್ರಾಮಿನ ಪಾಕೀಟಿನ ಜೊತೆಗೆ 120 ಗ್ರಾಮಿನ ಇನ್ನೊಂದು ಸಣ್ಣ ಪಾಕೀಟು ಬರುತ್ತಿತ್ತು, ಬಿಟಿ ಅಲ್ಲದ ಹತ್ತಿಯದು. ಅದನ್ನು ಹೊಲದ ಸುತ್ತ ಐದು ಸಾಲು, ಇಲ್ಲವೇ ಒಟ್ಟು ಹೊಲದ ಶೇಕಡ 20ರಷ್ಟು, ಯಾವುದು ಹೆಚ್ಚೋ ಅಷ್ಟು ಬಿತ್ತಬೇಕೆಂಬುದು ನಿಯಮ. ಆಶ್ರಯ ಸಾಲುಗಳೆಂದು ಕರೆಯುವ ಆ ಸಾಲುಗಳಲ್ಲಿ ನೆಟ್ಟಗಿನ ಗೂಟದ ಹುಳಗಳು ನೂರಾರು ಸಂಖ್ಯೆಯಲ್ಲಿ ಸುಖವಾಗಿ ಬೆಳೆದು, ಬಿಟಿ ಸಾಲಿನಿಂದ ಅಪರೂಪಕ್ಕೆ ಹೊರಬಂದ ಮುರುಕು ಗೂಟದ ಪತಂಗದೊಂದಿಗೆ ಕೂಡುತ್ತವೆ. ಮರಿಗಳಿಗೆ ಒಂದು ಗೂಟ ನೆಟ್ಟಗಿರುತ್ತದೆ, ಬಿಟಿ ತಿಂದರೆ ಅವು ಸಾಯುತ್ತವೆ. ಹುಳವನ್ನು ಉಳಿಸಿಕೊಂಡೇ ಹುಳವನ್ನು ಹತೋಟಿಯಲ್ಲಿಡುವ ಈ ಉಪಾಯ ಎಷ್ಟು ಸೊಗಸಾಗಿದೆಯೋ ರೈತನಿಗೆ ಅಷ್ಟೇ ವಿಚಿತ್ರವಾಗಿ ಕಂಡಿತು. ಕಾಕಾ ಆ ಸಣ್ಣ ಪಾಕೀಟುಗಳನ್ನು ದನದ ಕೊಟ್ಟಿಗೆಯ ಜಂತಿಯ ಸಂದಿಗೆ ಸಿಕ್ಕಿಸುತ್ತಿದ್ದರು. ಈಗಲೂ ಅಲ್ಲಿ ಏಳೆಂಟು ಇವೆ, ಜೇಡರಬಲೆ ಕಟ್ಟಿ, ಅಚ್ಚಿನ ಬಣ್ಣ ಹಾರಿ. "ಹುಳಕ್ಕ ಊಟಾ ಹಾಕಾಕ ಐದು ಸಾಲು ಬಿಡೂದಂದ್ರ ಯಾರ ಕೇಳತಾರ ತಮ್ಮಾ?" ಎಂಬ ಅವರ ಪ್ರಶ್ನೆಯನ್ನು ನಾನು ಮೂರ್ಖತನವೆಂದು ಎಣಿಸಲಾರೆ. ಎರಡು ಎಕರೆಯವನಿಗೆ ಐದು ಸಾಲು ದೊಡ್ಡ ಮಾತು, ಲಾಭ ಇಡೀ ಸೀಮೆಗೆ, ನಷ್ಟ ಅವನೊಬ್ಬನಿಗೆ. ಜೀವಶಾಸ್ತ್ರದ ಮೇಷ್ಟ್ರಾದ ನಾನು ಆ ವರ್ಷಗಳಲ್ಲಿ ಬೇಸಗೆ ರಜೆಗೆ ಬಂದು ಆ ಕೊಟ್ಟಿಗೆಯಲ್ಲೇ ಹೊರಸು ಹಾಕಿಕೊಂಡು ಮಲಗುತ್ತಿದ್ದೆ; ತಲೆಯ ಮೇಲೆ ಜಂತಿಯಲ್ಲಿದ್ದ ಪಾಕೀಟು ಏನೆಂದು ಒಂದು ಸಲವೂ ಕೇಳಲಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದು ರೈತನ ಕೈಯಲ್ಲಿರಲಿಲ್ಲ. ನಮ್ಮಲ್ಲಿ ಬಿಟಿ ಬಂದದ್ದು ಬಹುಪಾಲು ಹೈಬ್ರಿಡ್ ಬೀಜದಲ್ಲಿ. ಹೈಬ್ರಿಡ್ ಗಿಡಕ್ಕೆ ಬಿಟಿ ವಂಶವಾಹಿ ಒಬ್ಬ ಪೋಷಕನಿಂದ ಮಾತ್ರ ಬಂದಿದ್ದರೆ, ಆ ಗಿಡದ ಕಾಯಿಯೊಳಗಿನ ಕಾಳುಗಳಲ್ಲಿ ನಾಲ್ಕಕ್ಕೊಂದರಲ್ಲಿ ಬಿಟಿ ಇರುವುದೇ ಇಲ್ಲ. ಎರಡು ವಂಶವಾಹಿಗಳಿದ್ದರೆ ಹದಿನಾರಕ್ಕೊಂದರಲ್ಲಿ ಎರಡೂ ಇರುವುದಿಲ್ಲ, ಉಳಿದ ಕೆಲವಲ್ಲಿ ಒಂದೇ ಇರುತ್ತದೆ. ಮೆಂಡೆಲನ ಬಟಾಣಿಯ ಅದೇ ಲೆಕ್ಕ, ಹತ್ತಿಕಾಯಿಯೊಳಗೆ. ಗುಲಾಬಿ ಹುಳ ತಿನ್ನುವುದು ಮುಖ್ಯವಾಗಿ ಕಾಳನ್ನೇ. ಒಂದೇ ಕಾಯಿಯಲ್ಲಿ ವಿಷದ ಕಾಳು, ಅರೆವಿಷದ ಕಾಳು, ವಿಷವಿಲ್ಲದ ಕಾಳು ಬೆರೆತಿದ್ದರೆ ಒಂದೇ ಗೂಟ ಮುರಿದ ಹುಳಕ್ಕೂ ಬದುಕುವ ಸಂದು ಸಿಗುತ್ತದೆ. ಅದರ ಮೇಲೆ ನಮ್ಮ ಹೈಬ್ರಿಡ್ಡುಗಳು ದೀರ್ಘಾವಧಿಯವು, ನೀರಿದ್ದವರು ಫೆಬ್ರವರಿ, ಮಾರ್ಚ್ ತನಕ ಬೆಳೆ ಉಳಿಸಿಕೊಳ್ಳುತ್ತಾರೆ, ಗಿಡ ಮುದಿಯಾದಂತೆ ವಿಷದ ಪ್ರಮಾಣವೂ ಇಳಿಯುತ್ತದೆ. ಚೀನಾದ ಯಾಂಗ್ಟ್ಸೆ ಕಣಿವೆಯ ಕತೆ ಇದಕ್ಕೆ ಎದುರು ಕನ್ನಡಿಯಂತಿದೆ: ಅಲ್ಲಿನ ರೈತರು ಹೈಬ್ರಿಡ್ ಗಿಡದ ಎರಡನೆಯ ತಲೆಮಾರಿನ ಬೀಜವನ್ನು ಬಿತ್ತಿದ್ದರಿಂದ ನಾಲ್ಕರಲ್ಲಿ ಒಂದು ಗಿಡ ತಾನಾಗಿಯೇ ಬಿಟಿ ಇಲ್ಲದ್ದಾಯಿತು, ಬೇಕೆಂದು ಬಿಡದೆಯೇ ಹೊಲದ ತುಂಬ ಆಶ್ರಯ ಸಾಲುಗಳಾದವು, ಹುಳದ ನಿರೋಧ ಏರುವ ಬದಲು ಇಳಿಯಿತು. ಲೆಕ್ಕ ಒಂದೇ. ಭೇದ ಕಾಳು ಕಾಳಿನ ನಡುವೆ ಇದ್ದರೆ ಒಂದು ಫಲ, ಗಿಡ ಗಿಡದ ನಡುವೆ ಇದ್ದರೆ ಇನ್ನೊಂದು.

ಅಮೆರಿಕದ ಅರಿಝೋನಾದಲ್ಲಿ ಆಶ್ರಯ ಸಾಲುಗಳನ್ನು ಶ್ರದ್ಧೆಯಿಂದ ಬಿಟ್ಟರು. ಆಮೇಲೆ ಸಂತಾನಶಕ್ತಿ ಇಲ್ಲದಂತೆ ಮಾಡಿದ ಪತಂಗಗಳನ್ನು ವಿಮಾನದಿಂದ ಸುರಿದರು. 2018ರಲ್ಲಿ ಆ ದೇಶದ ಹತ್ತಿ ಸೀಮೆಯಿಂದ ಗುಲಾಬಿ ಹುಳ ನಿರ್ಮೂಲವಾಯಿತೆಂದು ಅಲ್ಲಿನ ಸರ್ಕಾರ ಸಾರಿತು. ನಮ್ಮಲ್ಲಿ ಮೊದಲ ಬಿಟಿ ಪ್ರೋಟೀನಿಗೆ ಈ ಹುಳ ಬಗ್ಗುತ್ತಿಲ್ಲವೆಂದು ಗುಜರಾತಿನ ನಾಲ್ಕು ಜಿಲ್ಲೆಗಳಿಂದ 2010ರಲ್ಲಿ ವರದಿಯಾಗಿತ್ತು. 2015ರ ಹೊತ್ತಿಗೆ ಎರಡು ಪ್ರೋಟೀನಿನ ಹತ್ತಿಯೂ ಅಲ್ಲಿ ಸೋಲತೊಡಗಿತು, ಬಳಿಕ ನಮ್ಮಲ್ಲಿಗೂ ಅದೇ ಗತಿ. ಈ ಹುಳಕ್ಕೆ ವಿಜ್ಞಾನದ ಹೆಸರು ಬಿದ್ದದ್ದೂ 1843ರಲ್ಲಿ ಗುಜರಾತಿನ ಭರೂಚ್‌ನ ಹತ್ತಿಯಿಂದ ತೆಗೆದ ಮಾದರಿಗಳನ್ನು ನೋಡಿ ಎಂಬುದು ಆಕಸ್ಮಿಕ, ಆದರೂ ಹೇಳಬೇಕೆನಿಸಿತು.

ಒಂದು ಅನುಮಾನ ಓದುಗರಿಗೆ ಬರಬಹುದು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಬರುತ್ತದೆ. ಇದೆಲ್ಲ ಮನುಷ್ಯ ಮಾಡಿದ ಆಯ್ಕೆಯಲ್ಲವೇ, ನಿಸರ್ಗದ್ದು ಹೇಗಾಯಿತು? ಮುಧೋಳದ ನಾಯಿಯನ್ನು ನೋಡಿ. ಉದ್ದ ಮೂತಿ, ಆಳವಾದ ಎದೆ, ಹೊಟ್ಟೆಯೇ ಇಲ್ಲದಂಥ ನಡು. ಘೋರ್ಪಡೆ ಅರಸರ ಕಾಲದಲ್ಲಿ ಓಟಕ್ಕಾಗಿ, ಬೇಟೆಗಾಗಿ ಕಣ್ಣಿಟ್ಟು ಜೋಡಿ ಮಾಡಿಸಿ ಉಳಿಸಿಕೊಂಡ ತಳಿ ಅದು. 2005ರಲ್ಲಿ ಅಂಚೆಚೀಟಿಯನ್ನೂ ಏರಿತು. ಅಲ್ಲಿ ಆಯುವ ಕೈ ಇದೆ, ಆ ಕೈಗೊಂದು ಗುರಿಯಿದೆ. ಜೋಳದ ಕತೆ ಅಷ್ಟು ಸರಳವಲ್ಲ. ಕಾಡುಜೋಳದ ತೆನೆ ಬಲಿತೊಡನೆ ಕಾಳು ಉದುರಿಸುತ್ತದೆ. ಉದುರುವುದೇ ಅದಕ್ಕೆ ಬಿತ್ತನೆ. ಆಫ್ರಿಕದ ಸುಡಾನಿನ ಕಡೆ ಸುಮಾರು 5000 ವರ್ಷಗಳ ಹಿಂದೆ ಜನ ಅದನ್ನು ಕೊಯ್ದು ಮನೆಗೆ ತಂದಾಗ, ಕೈಗೆ ಸಿಕ್ಕಿದ್ದು ಉದುರದೆ ತೆನೆಯಲ್ಲೇ ಕಚ್ಚಿಕೊಂಡಿದ್ದ ಕಾಳು, ಮರುವರ್ಷ ಬಿತ್ತಿದ್ದೂ ಅದನ್ನೇ. ಉದುರದ ಜೋಳ ಬೇಕೆಂದು ಯಾರೂ ಸಂಕಲ್ಪ ಮಾಡಿರಲಿಲ್ಲ, ಅವರು ಊಟಕ್ಕೆ ಕೊಯ್ದಿದ್ದರು. ಆ ಕುಡುಗೋಲು ಮುಧೋಳದ ಅರಸನ ಕಣ್ಣಿಗಿಂತ ಕಣದ ಗಾಳಿಗೇ ಹೆಚ್ಚು ಹತ್ತಿರ. ಕಾಕಾ ಹತ್ತಿ ಬಿತ್ತಿದ್ದೂ ಹಾಗೆಯೇ. ಮುರುಕು ಗೂಟದ ಹುಳವನ್ನು ಸಾಕಬೇಕೆಂದು ಅವರು ಬಯಸಲಿಲ್ಲ, ಬಯಕೆಗೆ ತದ್ವಿರುದ್ಧವಾದದ್ದು ನಡೆಯಿತು. ನಮ್ಮ ಆಯಿ ಮಾತ್ರ ಎರಡನ್ನೂ ಮಾಡುತ್ತಿದ್ದರು. ಹಿಂಗಾರಿ ಜೋಳದ ತೆನೆಗಳಲ್ಲಿ ಮುತ್ತಿನಂತೆ ಕಾಳು ತುಂಬಿದವನ್ನು ಆರಿಸಿ ಬೀಜಕ್ಕೆಂದು ಅಡಿಗೆಮನೆಯ ಹೊಗೆ ತಾಗುವಲ್ಲಿ ತೂಗುಹಾಕುತ್ತಿದ್ದರು. ಉಳಿದದ್ದು ಹಗೇವಿಗೆ ಹೋಗುತ್ತಿತ್ತು. ತೆನೆ ಆರಿಸಿದ್ದು ಆಯಿ. ಆ ಹೊಗೆಯಲ್ಲಿ, ಹುಳ ಹಿಡಿಯದೆ, ಮೊಳೆಯುವ ಶಕ್ತಿ ಕಳೆದುಕೊಳ್ಳದೆ ಉಳಿದ ಕಾಳನ್ನು ಆರಿಸಿದವರು ಯಾರೂ ಇಲ್ಲ. ನಾವೆಲ್ಲ ಉಣ್ಣುವ ಮಾಲದಂಡಿ ಜೋಳ ಕೂಡ ಇಂಥ ನಾಡತಳಿಯೊಳಗಿಂದಲೇ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದದ್ದು.

ಮನುಷ್ಯನ ಕೈ ಸ್ವಲ್ಪವೂ ಇಲ್ಲದ ಉದಾಹರಣೆ ಬೇಕೆಂದರೆ ಗಾಲಪಗೋಸ್ ದ್ವೀಪಗಳಿಗೆ ಹೋಗಬೇಕು, ಆದರೆ ಅಲ್ಲಿಯೂ ನಮಗೆ ಪರಿಚಯದ ಮುಳ್ಳೊಂದು ಕಾಣಿಸುತ್ತದೆ. ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿಗಳು 1973ರಿಂದ ಫಿಂಚ್ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದು, ಒಂದೊಂದರ ಮರಿಮೊಮ್ಮಕ್ಕಳ ಲೆಕ್ಕವಿಟ್ಟರು. 1977ರಲ್ಲಿ ಅಲ್ಲಿ ಬರ ಬಿತ್ತು. ಮೆತ್ತನೆಯ ಸಣ್ಣ ಬೀಜಗಳೆಲ್ಲ ಮುಗಿದು, ಉಳಿದದ್ದು ನಮ್ಮ ಹೊಲದ ಬದುವಿನಲ್ಲಿ ಚಪ್ಪಲಿಯನ್ನೂ ಚುಚ್ಚುವ ನೆಗ್ಗಿಲಮುಳ್ಳಿನ ಹತ್ತಿರದ ನಂಟ, ಅದೇ ಕುಲದ ಗಟ್ಟಿ ಮುಳ್ಳುಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ಸುಮಾರು ಹನ್ನೆರಡು ನೂರಿದ್ದ ಮಧ್ಯಮ ಗಾತ್ರದ ನೆಲಫಿಂಚುಗಳಲ್ಲಿ ಉಳಿದದ್ದು ಇನ್ನೂರರ ಒಳಗೆ. ಉಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಬರದ ಮೊದಲಿನ ಸರಾಸರಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಿತ್ತು, ಅವುಗಳ ಮರಿಗಳಲ್ಲೂ ಆ ದಪ್ಪ ಬಹುಮಟ್ಟಿಗೆ ಉಳಿಯಿತು. ಅರ್ಧ ಮಿಲಿಮೀಟರ್ ಎಂದರೆ ಹೆಬ್ಬೆರಳ ಉಗುರಿನ ದಪ್ಪ. ಎಪ್ಪತ್ತೆರಡರ ಬರವನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಹೇಳಿದರೆ ಅವರು ಹಕ್ಕಿಯ ಕೊಕ್ಕಿಗಿಂತ ಆ ಸಾವಿನ ಲೆಕ್ಕವನ್ನು ಮೊದಲು ಹಿಡಿಯುತ್ತಾರೆ, ಅದು ಸರಿಯೇ. ನಿಸರ್ಗದ ಆಯ್ಕೆಯ ಪಾಠದಲ್ಲಿ ನಾವು ಉಳಿದವರ ಗುಣವನ್ನೇ ಬಣ್ಣಿಸುತ್ತ ಹೋಗುತ್ತೇವೆ. ಆ ಗುಣ ನಮ್ಮ ಕಣ್ಣಿಗೆ ಬಿದ್ದದ್ದು ಉಳಿಯದ ಸಾವಿರದಿಂದ.

ಮುಂದೇನಾಯಿತೆಂಬುದು ಇನ್ನೂ ಮುಖ್ಯ. 1983ರಲ್ಲಿ ಎಲ್ ನಿನೋದ ಮಳೆ ಅಲ್ಲಿ ಹುಚ್ಚೆದ್ದು ಸುರಿಯಿತು, ಸಣ್ಣ ಬೀಜದ ಹುಲ್ಲುಬಳ್ಳಿಗಳು ದ್ವೀಪವನ್ನು ಮುಚ್ಚಿದವು, ಆಮೇಲಿನ ಒಣ ವರ್ಷಗಳಲ್ಲಿ ಸಣ್ಣ ಕೊಕ್ಕಿನವೇ ಮೇಲುಗೈಯಾದವು. ಒಂದು ದಶಕದೊಳಗೆ ತೂರುವ ಗಾಳಿ ದಿಕ್ಕು ಬದಲಿಸಿತ್ತು. ದಪ್ಪ ಕೊಕ್ಕು ಮುನ್ನಡೆ, ಸಣ್ಣ ಕೊಕ್ಕು ಹಿನ್ನಡೆ ಎಂದು ಯಾವ ಮೇಲು ಕೀಳೂ ಅಲ್ಲಿಲ್ಲ. ವಿಕಾಸ ಎಂಬ ನಮ್ಮ ಪದದಲ್ಲಿ ಹೂ ಅರಳುವ ಧ್ವನಿಯಿದೆ, ಏರುವ ಮೆಟ್ಟಿಲಿನ ಚಿತ್ರವಿದೆ. ಈ ಪದವನ್ನು ನಾನು ಬದಲಿಸಲಾರೆ, ಆದರೆ ಬಳಸುವಾಗ ಪ್ರತಿ ಸಲವೂ ಸ್ವಲ್ಪ ಮುಜುಗರವಾಗುತ್ತದೆ.

ಎಲ್ಲ ಸಾವೂ ಆಯ್ಕೆಯಲ್ಲ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಕಂಡದ್ದಕ್ಕೆಲ್ಲ ಡಾರ್ವಿನ್ನನನ್ನು ಎಳೆದು ತರುವ ಚಟ ಹತ್ತುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮೇಲೆ ಆಣೆಕಲ್ಲು ಬಿದ್ದಾಗ ಒಂದು ಸಾಲು ನೆಲಸಮವಾಗಿ ಪಕ್ಕದ ಸಾಲು ಉಳಿಯುತ್ತದೆ; ಉಳಿದ ಬಳ್ಳಿಯ ಗುಣಕ್ಕೂ ಉಳಿದದ್ದಕ್ಕೂ ಸಂಬಂಧವಿರುವುದಿಲ್ಲ. ಜೀವಿಗಳ ಸಂಖ್ಯೆ ಕಡಿಮೆಯಿದ್ದಲ್ಲಿ ಇಂಥ ಅದೃಷ್ಟವೇ ಎಷ್ಟೋ ಗುಣಗಳನ್ನು ಹರಡುತ್ತದೆ, ಎಷ್ಟನ್ನೋ ಅಳಿಸುತ್ತದೆ. ಆಯ್ಕೆ ಎನ್ನಬೇಕಾದರೆ ಗುಣಕ್ಕೂ ಉಳಿವಿಗೂ ನಂಟಿರಬೇಕು. ಗೂಟ ಮುರಿದಿದೆ, ಆದ್ದರಿಂದ ಬದುಕಿತು. ಈ "ಆದ್ದರಿಂದ" ಎಲ್ಲಿಲ್ಲವೋ ಅಲ್ಲಿ ಆಯ್ಕೆಯೂ ಇಲ್ಲ.

ಮೊನ್ನೆ ಮತ್ತೆ ಊರಿಗೆ ಹೋದಾಗ ಇದನ್ನೆಲ್ಲ ಕಾಕಾಗೆ ಹೇಳಿದೆ. ಹಗ್ಗ, ಗೂಟದ ಮಾತು ಅವರಿಗೆ ಹಿಡಿಸಿತು. ಕ್ಯಾಡ್ಹೆರಿನ್ ಎಂಬ ಹೆಸರನ್ನು ಎರಡು ಸಲ ಹೇಳಿಸಿ ಕೈಬಿಟ್ಟರು.

"ಅಂದ್ರ ಹುಳಾ ಶಾಣ್ಯಾ ಆಗಿಲ್ಲ."

"ಇಲ್ಲ ಕಾಕಾ."

"ದಡ್ಡ ಇದ್ದವೆಲ್ಲಾ ಸತ್ತೂ ಅಂತಿ?"

"ಅವೂ ದಡ್ಡ ಅಲ್ಲ. ಸತ್ತವು ನೆಟ್ಟಗ ಇದ್ದವು."

ಅವರು ಒಂದಿಷ್ಟು ಹೊತ್ತು ತಂಬಾಕು ತಿಕ್ಕುತ್ತ ಕೂತರು. ಆಮೇಲೆ ಎದ್ದು ಕೊಟ್ಟಿಗೆಯ ಕಡೆ ಕೈ ಮಾಡಿ ಕರೆದರು. ಈ ಸಲ ಹೊಲದಲ್ಲಿ ಹೆಣ್ಣು ಪತಂಗದ ವಾಸನೆಯ ಗುಳಿಗೆ ಇಟ್ಟು ಗಂಡು ಪತಂಗಗಳನ್ನು ಸೆಳೆಯುವ ಬಲೆಗಳನ್ನು ಕಟ್ಟಿದ್ದಾರೆ. ಒಂದು ಬಲೆಗೆ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಮುಂದಿನ ಕ್ರಮ ತೆಗೆದುಕೊಳ್ಳಬೇಕೆಂದು ಕೃಷಿ ಇಲಾಖೆಯವರು ಹೇಳಿದ್ದಾರಂತೆ. ದಿನಾ ಬೆಳಿಗ್ಗೆ ಎಣಿಸಿ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಾರೆ. ಜಂತಿಯ ಪಾಕೀಟುಗಳ ಕೆಳಗೇ ಅಂಕಿಗಳ ಸಾಲು: 2, 2, 3, 5, 4, 7, 9, 8, 11.

"ಜನವರಿಗೆ ಎಲ್ಲಾ ಕಿತ್ತಿ ಒಗೀತೀನಿ" ಎಂದರು. "ಕಟಗಿನೂ ಹೊಲದಾಗ ಇಡಂಗಿಲ್ಲ."

ನಾನು ಗೋಡೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ, ತರಗತಿಗೆ ಬೇಕಾಗುತ್ತದೆಂದು.